ಜಿನ್ನಿನ ತೊಲೆಯ ಕೊಂಡಿ

ಕಿರ್ರ್... ಕಿರ್ರ್... ನರಗುಂದದಲ್ಲಿ ನಮ್ಮಜ್ಜ ಕಟ್ಟಿಸಿದ ಜಿನ್ನಿನ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯ, ಯಂತ್ರಗಳು ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ನಿಂತೊಡನೆ ಕೇಳಿಬರುತ್ತಿದ್ದ ಸದ್ದು ಅದು. ಹತ್ತಿ ಆರಿಸುವ ಹೆಂಗಸರು ತೊಲೆಯ ಕಬ್ಬಿಣದ ಕೊಂಡಿಗಳಿಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದರು. ಜೋಳಿಗೆಯಿಂದ ಇಳಿದ ದಾರದ ತುದಿ ತಾಯಿಯ ಕಾಲಿನ ಹೆಬ್ಬೆರಳಿಗೆ; ಬೆರಳು ಆಡಿದಂತೆ ಜೋಳಿಗೆ ತೂಗಿ, ಕೊಂಡಿ ಕಿರುಗುಟ್ಟುತ್ತಿತ್ತು. ಕೈ ಹತ್ತಿಯಲ್ಲಿ, ಕಾಲು ತೊಟ್ಟಿಲಲ್ಲಿ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ‘ಸೈಲೆನ್ಸ್’ ಕಲಿತು ಬೇಸಿಗೆ ರಜೆಗೆ ಬರುತ್ತಿದ್ದ ನನಗೆ, ಅವರು ಹೇಳಿಕೊಡದ ಇನ್ನೊಂದು ಬಗೆಯ ಮೌನದಂತೆ ಅದು ಕೇಳಿಸುತ್ತಿತ್ತು.

ಎಂದೋ ಮುಚ್ಚಿದ ಆ ಜಿನ್ನು ಈಚೆಗೆ ಊರ ಲೈಬ್ರರಿಯಾಯಿತು ನೋಡಿ. ಕಮಿಟಿಯಲ್ಲಿ ನಾನೂ ಇದ್ದೆ. ಕಲ್ಲುಗೋಡೆ ಉಳಿಯಲಿ, ಚಿಮಣಿ ಉಳಿಯಲಿ, ನಮ್ಮಜ್ಜನ ಹೆಸರಿನ ಕಲ್ಲಂತೂ ಉಳಿಯಲೇಬೇಕು ಎಂದು ಎಲ್ಲರೂ ಒಪ್ಪಿದ್ದರು. ಕೊಂಡಿಗಳು ಮಾತ್ರ ಎಂಜಿನಿಯರನ ಕಣ್ಣಿಗೆ ಮುಳ್ಳು. ಅವನ್ನು ಕತ್ತರಿಸಲು ಕಟರ್ ತಂದ ದಿನ, ಹಿಂದೆ ಅಲ್ಲಿ ಹತ್ತಿ ಆರಿಸುತ್ತಿದ್ದ ಭೀಮವ್ವ ಬಾಗಿಲಲ್ಲಿ ಬಂದು ನಿಂತು ನನ್ನನ್ನು ಕರೆದಳು.

“ಅಕ್ಕಾರ, ಆ ಮೂಲಿ ಕೊಂಡಿ ಕೊಯ್ಸಬ್ಯಾಡ್ರಿ. ನನ್ನ ಕೂಸು ಶಾಂತಿ ಅದರಾಗ ಮಲಗತಿತ್ತು, ಹೆಜ್ಜಿ ಇಡೂದ್ರಾಗನ ಹೋತು. ಒಂದು ಫೋಟೋನೂ ಇಲ್ಲ. ಅಕಿದು ಅಂತ ಉಳದದ್ದು ಅದೊಂದ.”

“ಜಂಗ್ ಹಿಡದೈತಬೇ ಯಮ್ಮಾ,” ಎಂದ ಎಂಜಿನಿಯರ್, “ಓದೋರ ತಲಿ ಮ್ಯಾಲ ಬಿದ್ರ?”

ಭೀಮವ್ವ ಗೋಡೆ ಕೆಲಸದ ಗೌಂಡಿಯಿಂದ ಕೊಂಡಿಗೆ ಹಗ್ಗ ಹಾಕಿಸಿ, ಎರಡೂ ಕಾಲು ಮಡಚಿ ಜೋತುಬಿದ್ದಳು. “ಬಿತ್ತೇನೋ ಯಪ್ಪಾ? ಬೇಕಾದ್ರ ನೀನೂ ಬಾ, ತೂಗ್ತೇನಿ!”

ಆತ ನಕ್ಕುಬಿಟ್ಟ. ಗಟ್ಟಿಯಿದ್ದ ಕೊಂಡಿಗಳೆಲ್ಲ ಉಳಿದವು. ‘ರಿಸ್ಟೋರೇಶನ್’ ಎಂಬ ಚೆಂದದ ಪದವನ್ನು ಮೀಟಿಂಗುಗಳಲ್ಲಿ ನಾನೇ ಎಷ್ಟು ಸಲ ಆಡಿದ್ದೆನೋ! ಆದರೆ ನಾವು ಜೋಪಾನ ಮಾಡಹೊರಟಿದ್ದು ಮಾಲೀಕರ ಗುರುತುಗಳನ್ನಷ್ಟೇ. ಕಾಲ್ಬೆರಳಿನ ದಾರಕ್ಕೆ ನಮ್ಮ ನಕ್ಷೆಯಲ್ಲಿ ಗೆರೆಯೇ ಇರಲಿಲ್ಲ.

ಭೀಮವ್ವನನ್ನು ನಾನು ಕೊನೆಯ ಸಲ ಕಂಡದ್ದು ಅದೇ ಲೈಬ್ರರಿಯಲ್ಲಿ, ಒಂದು ಮಧ್ಯಾಹ್ನ. ಅವಳ ಮೊಮ್ಮಗಳು ಟೀಚರ್ ಪರೀಕ್ಷೆಗೆ ಓದುತ್ತಿದ್ದಳು; ಆ ಹುಡುಗಿಯ ಕೂಸು ಶಾಂತಿಯ ಕೊಂಡಿಯಲ್ಲಿ, ಜೋಳಿಗೆಯೊಳಗೆ ನಿದ್ದೆಹೋಗಿತ್ತು. ಕೆಳಗೆ ಗೋಡೆಗೊರಗಿ ಕೂತ ಭೀಮವ್ವನ ಹೆಬ್ಬೆರಳಿಗೆ ದಾರ. ಕಿರ್ರ್... ಕಿರ್ರ್... ಓದುವವರು ಯಾರೂ ತಲೆ ಎತ್ತಲಿಲ್ಲ. ಮಾತಾಡಿಸಲು ನಾನು ಬಾಯಿ ತೆರೆದೆ. ಅವಳು ‘ಸೈಲೆನ್ಸ್ ಪ್ಲೀಸ್’ ಬೋರ್ಡಿನ ಕಡೆ ಕಣ್ಣು ಹೊರಳಿಸಿ, ನಗುತ್ತ ತುಟಿಯ ಮೇಲೆ ಬೆರಳಿಟ್ಟಳು. ಕಾಲು ಮಾತ್ರ ನಿಲ್ಲಲಿಲ್ಲ.