ಜಯಪ್ರಕಾಶನ ಕಳಚುವ ಬಂಪರ್

ತುಮಕೂರಿನ ಶಿರಾ ಗೇಟಿನ ಹತ್ತಿರವಿದ್ದ ಜಯಪ್ರಕಾಶನ ವೆಲ್ಡಿಂಗ್ ಶಾಪನ್ನು ಯಾರಾದರೂ ವೆಲ್ಡಿಂಗ್ ಶಾಪ್ ಅಂದರೆ ಅವನ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. ಅವನಪ್ಪ ಬೆಟ್ಟಸ್ವಾಮಿ ಅದೇ ಜಾಗದಲ್ಲಿ ಆಯುಸ್ಸೆಲ್ಲ ಕಿಟಕಿ ಗ್ರಿಲ್ಲು, ಕಾಂಪೌಂಡ್ ಗೇಟು ಬೆಸೆದವನು. ಮರಳೂರಿನ ಎಷ್ಟೋ ಮನೆಗಳ ಕಿಟಕಿಗೆ ಇವತ್ತಿಗೂ ಅವನದೇ ಕಂಬಿ. ಮಗನಿಗೆ ಅದೇ ಅವಮಾನ. ಆ ಬೀದಿಗಳಲ್ಲಿ ಸ್ಕೂಟರ್ ಓಡಿಸುವಾಗ ತನ್ನ ವಂಶವೇ ಎರಡೂ ಕಡೆ ಕಂಬಿ ಎಣಿಸುತ್ತ ನಿಂತಿದೆ ಅನ್ನಿಸುತ್ತಿತ್ತು ಅವನಿಗೆ.

ಒಂದು ಮಧ್ಯಾಹ್ನ ಮುದ್ದೆ ಉಂಡು ಕೂತು ಮೊಬೈಲ್ ನೋಡುತ್ತಿದ್ದಾಗ ಅವನಿಗೆ ಜ್ಞಾನೋದಯವಾಯಿತು. ಯಾವುದೋ ದೇಶದ ಮರಳುಗಾಡಿನಲ್ಲಿ ಒಂದು ಜೀಪು ದಿಬ್ಬ ಹತ್ತುತ್ತಿತ್ತು. ಅದರ ಹಿಂಬದಿಗೆ ಕಬ್ಬಿಣದ ದಪ್ಪ ಬಂಪರ್. ಬಂಪರಿನ ಮೇಲೆ ಬಾಗಿಲಿನಂತೆ ತೆರೆಯುವ ಒಂದು ತೋಳು, ಆ ತೋಳಿಗೆ ಸ್ಟೆಪ್ನಿ ಟೈರು. ಇದು ಗೇಟೇ ಅಲ್ಲವೇ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಹಾಗೆಂದು ಯಾರಿಗೂ ಹೇಳಬಾರದು ಎಂಬುದೂ ಅಷ್ಟೇ ಬೇಗ ಹೊಳೆಯಿತು.

ತಿಂಗಳು ತುಂಬುವುದರೊಳಗೆ ಅಂಗಡಿಗೆ ಹೊಸ ಬೋರ್ಡು ಬಂತು: ‘ಜೆಪಿ ಆಫ್‌ರೋಡ್ ಕಸ್ಟಮ್ಸ್’. ಬೆಟ್ಟಸ್ವಾಮಿ ಕನ್ನಡಕ ಏರಿಸಿಕೊಂಡು ಓದಿದ.

“ಆಫ್‌ರೋಡು ಅಂದ್ರೆ ಏನ್ಲಾ?”

“ರೋಡ್ ಇಲ್ದೇ ಇರೋ ಕಡೆ ಗಾಡಿ ಓಡ್ಸೋದು ಕಣಪ್ಪ.”

“ನಮ್ಮೂರಲ್ಲಿ ಎಲ್ರೂ ಅದ್ನೇ ತಾನೇ ಮಾಡ್ತಿರೋದು? ಅದ್ಕೊಂದು ಬೋರ್ಡ್ ಬೇರೆ ಕೇಡು.”

ಆದರೆ ಗಿರಾಕಿಗಳು ಬಂದರು. ತೆಂಗಿನ ತೋಟದವರ ಮಕ್ಕಳು, ಸಂಬಳದ ನೌಕರಿಯಲ್ಲಿದ್ದವರು, ಸಾಲದ ಜೀಪಿಗೆ ಕಾಡಿನ ಕಳೆ ತರಬೇಕೆಂದವರು. ಅವರ ಗಾಡಿಗಳು ಕಂಡ ಅತಿ ದುರ್ಗಮ ಜಾಗವೆಂದರೆ ಗುಬ್ಬಿಯ ಕಲ್ಯಾಣ ಮಂಟಪದ ಪಾರ್ಕಿಂಗು. ಚಕ್ರಕ್ಕೆ ಒಂದು ಚೂರು ಕೆಸರು ಹತ್ತಿದರೂ ನೇರವಾಗಿ ವಾಟರ್ ಸರ್ವಿಸ್‌ಗೆ ಓಡುತ್ತಿದ್ದರು. ಜಯಪ್ರಕಾಶ್ ಅವರಿಗೆಲ್ಲ ರೈಲ್ವೆ ಗೇಟಿನ ತೂಕದ ಬಂಪರ್ ಮಾಡಿಕೊಟ್ಟ. ಹಿಂಬದಿ ಭಾರಕ್ಕೆ ಗಾಡಿಗಳು ಕುಕ್ಕರಗಾಲಲ್ಲಿ ಕೂತು, ಮೂತಿ ಮೇಲೆತ್ತಿ, ಹೆಡ್‌ಲೈಟಿನಲ್ಲಿ ತೆಂಗಿನ ಗೊನೆ ಹುಡುಕುತ್ತ ಹೋಗುತ್ತಿದ್ದವು. ಹಿಂದಿನ ಡೋರ್ ತೆಗೆಯಬೇಕೆಂದರೆ ಮೊದಲು ಸ್ಟೆಪ್ನಿಯ ತೋಳು ಸರಿಸಬೇಕು, ಅದಕ್ಕೆ ಇಬ್ಬರು ಗಟ್ಟಿ ಆಳು ಬೇಕು. ಗುಬ್ಬಿಯ ಒಬ್ಬ ಮೇಷ್ಟ್ರ ಹೆಂಡತಿಯಂತೂ ತರಕಾರಿ ಚೀಲ ಹಿಂದೆ ಇಡುವ ಆಸೆಯನ್ನೇ ಬಿಟ್ಟು, ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

“ಭಾರ ಇದ್ರೇನೇ ಸಾರ್ ಗತ್ತು,” ಎನ್ನುತ್ತಿದ್ದ ಜಯಪ್ರಕಾಶ್. ಗತ್ತಿನ ಮಾತು ಬಂದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ.

ಕುಣಿಗಲ್‌ನಲ್ಲಿ ಲೇಔಟ್ ಮಾಡಿ ಸೈಟು ಮಾರುತ್ತಿದ್ದ ಕಿರಣ್‌ಕುಮಾರ್ ಬಂದದ್ದು ಈ ಹೊತ್ತಿಗೇ. ಅಲ್ಲಿನ ಒಂದು ಕೆರೆಯಂಗಳದಲ್ಲಿ ಭಾನುವಾರ ಜೀಪುಗಳ ಆಟ ಏರ್ಪಾಡಾಗಿತ್ತು. ತನ್ನ ಜೀಪಿಗೆ ಯಾರ ಹತ್ತಿರವೂ ಇಲ್ಲದಂಥ ಬಂಪರ್ ಬೇಕು, ಅದೂ ಭಾನುವಾರದೊಳಗೆ ಬೇಕು ಎಂದ. ಜಯಪ್ರಕಾಶ್ ಮೊದಲು ಬಂಪರ್ ಕಟ್ಟಿದ, ಆಮೇಲೆ ಗಾಡಿಗೆ ಹಿಡಿದು ನೋಡಿದ. ಗಾಡಿಯ ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಯ ತೂತುಗಳೇ ಒಂದು ಕಡೆ, ಬಂಪರಿನ ತೂತುಗಳೇ ಒಂದು ಕಡೆ. ಹೊಸದಾಗಿ ಕೊರೆಯಲು ವ್ಯವಧಾನವಿರಲಿಲ್ಲ. ಎರಡು ಬೋಲ್ಟನ್ನು ಹಿಂಬದಿಯ ತೆಳು ತಗಡಿಗೇ ಬಿಗಿದು, ಮೇಲೆ ಪುಟ್ಟಿ ಬಳಿದು, ಕಪ್ಪು ಬಣ್ಣ ಹೊಡೆದ. ನೋಡಲು ಯಮನ ಕೋಣದ ಹಾಗಿತ್ತು. ಕಿರಣ್‌ಕುಮಾರ್ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ.

ಭಾನುವಾರ ಜಯಪ್ರಕಾಶ್ ಹೆಂಡತಿ ಅರುಣಾಳನ್ನೂ ಕರೆದುಕೊಂಡು ಕೆರೆಯಂಗಳಕ್ಕೆ ಹೋದ. ತನ್ನ ಹೆಸರು ನಾಲ್ಕು ಜನರ ಬಾಯಲ್ಲಿ ಬರುವುದನ್ನು ಅವಳು ಕಣ್ಣಾರೆ ನೋಡಲಿ ಎಂಬ ಆಸೆ. ಕಿರಣ್‌ಕುಮಾರನ ಜೀಪು ಗರ್ಜಿಸುತ್ತ ಕೆಸರಿಗೆ ಇಳಿಯಿತು. ಬೇರೆಯವರದು ಕೆಸರಿನ ಮೇಲೆ ತೇಲಿದಂತೆ ಹೋದರೆ, ಇವನದು ನಡುವೆ ನಿಂತು, ಹಿಂಬದಿಯಿಂದ ನಿಧಾನವಾಗಿ, ಎಮ್ಮೆ ಕೆಸರಿನಲ್ಲಿ ಮಲಗುವ ಸುಖದಲ್ಲಿ ಕೂತುಬಿಟ್ಟಿತು.

ಕೆರೆ ಪಕ್ಕದ ಹೊಲದಲ್ಲಿ ಸಿದ್ದಲಕ್ಷ್ಮಮ್ಮ ಎಂಬಾಕೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದಳು. ಅವಳನ್ನೇ ಕೂಗಿ ಕರೆದರು. ಜಯಪ್ರಕಾಶ್ ಪ್ಯಾಂಟು ಮಡಚಿ ಕೆಸರಿಗಿಳಿದು, ಬಂಪರಿನ ಕೊಕ್ಕೆಗೆ ತಾನೇ ಸರಪಳಿ ಸಿಕ್ಕಿಸಿದ.

“ಭಯ ಬೀಳ್ಬೇಡಿ ಎಳೀರಮ್ಮ. ಆನೆ ಕಟ್ಟಿ ಎಳೆದ್ರೂ ಏನೂ ಆಗಲ್ಲ!”

ಸರಪಳಿ ಬಿಗಿಯಾಗುವ ಹೊತ್ತಿಗೆ ಅವನಿಗೆ ಆ ಎರಡು ಬೋಲ್ಟು ನೆನಪಾದವು. “ಅಮ್ಮಾ, ತಡೀ—” ಎಂದು ಬಾಯಿ ತೆರೆದ. ತಗಡು ಹರಿದ ಸದ್ದು ಕೆರೆ ಏರಿಯವರೆಗೆ ಕೇಳಿಸಿತು. ಬಂಪರ್, ಅದರ ಮೇಲಿನ ತೋಳು, ತೋಳಿನ ಸ್ಟೆಪ್ನಿ, ಎಲ್ಲವೂ ಒಟ್ಟಾಗಿ ಟ್ರ್ಯಾಕ್ಟರಿನ ಹಿಂದೆ ಸಾಧು ಎತ್ತಿನಂತೆ ಹೊರಟವು. ಜೀಪು ಇದ್ದಲ್ಲೇ ಇತ್ತು. ಹಿಂದಿರುಗಿ ನೋಡದ ಸಿದ್ದಲಕ್ಷ್ಮಮ್ಮ ಅಷ್ಟನ್ನೂ ಏರಿಯ ಮೇಲಕ್ಕೆ ಎಳೆದೊಯ್ದು ನಿಲ್ಲಿಸಿದಳು.

“ಎಷ್ಟು ಹಗೂರಾಗಿ ಬಂದ್ಬುಡ್ತು ನೋಡಪ್ಪ!” ಎನ್ನುತ್ತ ಇಳಿದವಳು ಹಿಂದೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು.

ಇಡೀ ಕೆರೆಯಂಗಳ ನಕ್ಕಿತು. ಎಲ್ಲರ ಕೈಯಲ್ಲೂ ಮೊಬೈಲು. ಕಿರಣ್‌ಕುಮಾರ್ ಮೊಣಕಾಲುದ್ದದ ಕೆಸರಿನಲ್ಲಿ, ಕಪ್ಪು ಕನ್ನಡಕ ತೆಗೆಯದೆಯೇ, ಬಾಯಿ ಬಿಟ್ಟುಕೊಂಡು ನಿಂತಿದ್ದ.

“ಏನೋ ಇದು ಜೆಪಿ?”

ಜಯಪ್ರಕಾಶನ ಬಾಯಿ ಯಾವತ್ತೂ ಬುದ್ಧಿಗಾಗಿ ಕಾದದ್ದಿಲ್ಲ.

“ಕ್ವಿಕ್ ರಿಲೀಸ್ ಸಾರ್.”

“ಏನು?”

“ಓವರ್ ಲೋಡ್ ಬಿದ್ರೆ ಬಂಪರ್ ತಾನೇ ಕಳಚ್ಕೊಳ್ಳುತ್ತೆ. ಗಾಡಿ ಸೇಫು. ಫಾರಿನ್ ಟೆಕ್ನಿಕ್ಕು.”

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ವಂತೆ,” ಎಂದಳು ಏರಿಯ ಮೇಲಿಂದ ಸಿದ್ದಲಕ್ಷ್ಮಮ್ಮ.

ಕಿರಣ್‌ಕುಮಾರ್ ಸುತ್ತಲಿನ ಮೊಬೈಲುಗಳನ್ನು ನೋಡಿದ. ಮೋಸ ಹೋದ ದಡ್ಡ ಅನ್ನಿಸಿಕೊಳ್ಳುವುದೋ, ಹೊಸ ಟೆಕ್ನಿಕ್ಕಿನ ಒಡೆಯ ಅನ್ನಿಸಿಕೊಳ್ಳುವುದೋ? ಸೈಟು ಮಾರುವವನಿಗೆ ಇಂಥದ್ದನ್ನು ತೀರ್ಮಾನಿಸಲು ಹೆಚ್ಚು ಹೊತ್ತು ಬೇಕಿಲ್ಲ.

“ಹೌದು ಕಣ್ರಪ್ಪಾ,” ಎಂದು ದನಿಯೇರಿಸಿದ. “ನಾನೇ ಕೇಳಿ ಹಾಕ್ಸಿದ್ದು. ನಗೋರು ನಗ್ಲಿ ಬುಡಿ.”

ನಗು ನಿಂತಿತು. ಒಬ್ಬಿಬ್ಬರು ಏರಿ ಹತ್ತಿ ಬಂಪರನ್ನು ಗೌರವದಿಂದ ಮುಟ್ಟಿ ನೋಡಿದರು.

ಸ್ಕೂಟರಿನಲ್ಲಿ ವಾಪಸು ಬರುವಾಗ ಜಯಪ್ರಕಾಶ್ ಗೆದ್ದವನ ಹುರುಪಿನಲ್ಲಿದ್ದ. ತುಮಕೂರು ಹತ್ತಿರವಾದಾಗ ಅರುಣಾ ಅವನ ಬೆನ್ನ ಹಿಂದಿನಿಂದ ಕೇಳಿದಳು:

“ರೀ, ಆ ಕಬ್ಬಿಣ ಸಿಡಿದು ಆಯಮ್ಮನ ತಲೆಗೆ ಬಡಿದಿದ್ರೆ ಏನಂತಿದ್ರಿ? ಅದೂ ಕ್ವಿಕ್ ರಿಲೀಸೇ?”

ಅವನು ಹಾರ್ನ್ ಹೊಡೆದ. ಮುಂದೆ ಯಾವ ಗಾಡಿಯೂ ಇರಲಿಲ್ಲ.

ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿಯಿತು. ಒಂದು ವಾರ ಅಂಗಡಿಯಲ್ಲಿ ಹಾಡು ಹಾಕಲಿಲ್ಲ. ಹಿರೇಹಳ್ಳಿಯ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಸರಿಯಾದ ಕಬ್ಬಿಣದ ಪ್ಲೇಟು ಕತ್ತರಿಸಿಕೊಂಡು ಬಂದ. ಈ ಸಲ ಮೊದಲು, ಅಂಗಡಿಗೆ ಬಂದಿದ್ದ ಒಂದು ಜೀಪಿನ ಕೆಳಗೆ ಮಲಗಿ ಅಳತೆ ತೆಗೆದ. ಬೇಡದ ಕಬ್ಬಿಣವನ್ನೆಲ್ಲ ಕತ್ತರಿಸಿ ಎಸೆದ, ತೋಳಿಗೆ ಬೇರಿಂಗ್ ಕೂರಿಸಿದ, ಬಂಪರನ್ನು ಆ ಜೀಪಿನ ಚಾಸಿಗೇ ಬಿಗಿದು ನೋಡಿದ. ಅರುಣಾ ಬಂದು ಒಂದು ಬೆರಳಲ್ಲಿ ತಳ್ಳಿದರೆ ಸ್ಟೆಪ್ನಿಯ ತೋಳು ಸದ್ದಿಲ್ಲದೆ ಸರಿಯಿತು. ಬೆಟ್ಟಸ್ವಾಮಿ ಎರಡು ಸಲ ತೆರೆದು ಮುಚ್ಚಿ ನೋಡಿದ.

“ಗೇಟು ಚೆನ್ನಾಗೈತೆ ಕಣ್ಲಾ.”

ಜಯಪ್ರಕಾಶನಿಗೆ ಅವತ್ತು ಕೋಪ ಬರಲಿಲ್ಲ.

ಅಷ್ಟರಲ್ಲಿ ಕೆರೆಯ ವಿಡಿಯೋ ಊರೂರು ತಿರುಗಿತ್ತು. ಜನ ಅಂಗಡಿ ಹುಡುಕಿಕೊಂಡು ಬರತೊಡಗಿದರು. ಹೊಸ ಬಂಪರ್ ತೋರಿಸಿದರೆ ಹಿಡಿದು ಅಲ್ಲಾಡಿಸುತ್ತಿದ್ದರು.

“ಇದು ಕಿತ್ಕೊಂಡ್ ಬರಲ್ವಾ?”

“ಇಲ್ಲ ಸಾರ್, ಗಟ್ಟಿ ಇದೆ.”

“ಹಂಗಾದ್ರೆ ಬೇಡ ಬುಡಿ. ನಮಗೆ ಆ ಕಳಚೋದೇ ಬೇಕು.”

ಬಾಳಿನಲ್ಲಿ ಮೊದಲ ಸಲ ನೆಟ್ಟಗೆ ಮಾಡಿದ ಬಂಪರು ಜೀಪಿನಿಂದ ಬಿಚ್ಚಿಸಿಕೊಂಡು, ಧೂಳು ತಿನ್ನುತ್ತ ಮೂಲೆಯಲ್ಲಿ ಬಿದ್ದಿತ್ತು. ಕೊನೆಗೆ ಕಿರಣ್‌ಕುಮಾರನೇ ಬಂದ. “ಅದೇ ಥರದ್ದು ಹಾಕ್ಕೊಡೋ ಜೆಪಿ. ಎಲ್ರ ಹತ್ರಾನೂ ಹೇಳ್ಕೊಂಡ್ ಬುಟ್ಟಿದೀನಿ.”

ತಗಡಿಗೆ ಬೋಲ್ಟು ಬಿಗಿಯಲು ಜಯಪ್ರಕಾಶನಿಗೆ ಇನ್ನು ಕೈ ಬರಲಿಲ್ಲ. ಹಾಗೆಂದು ಗಿರಾಕಿಯನ್ನು ವಾಪಸು ಕಳಿಸುವಷ್ಟು ಸಾಧುವೂ ಅವನಾಗಿರಲಿಲ್ಲ. ಬಂಪರನ್ನು ಚಾಸಿಗೆ ಭದ್ರವಾಗಿ ಬಿಗಿದು, ಪಕ್ಕಕ್ಕೆ ಒಂದು ಸಣ್ಣ ಹಿಡಿಕೆ ಬೆಸೆದು ಕೆಂಪು ಬಣ್ಣ ಹೊಡೆದ. ಅದಕ್ಕೂ ಬಂಪರಿಗೂ ಆ ಬೆಸುಗೆ ಬಿಟ್ಟರೆ ಯಾವ ಸಂಬಂಧವೂ ಇರಲಿಲ್ಲ.

“ರಿಲೀಸ್ ಲಿವರ್ ಸಾರ್. ಎಮರ್ಜೆನ್ಸಿಗೆ ಮಾತ್ರ. ಸುಮ್ ಸುಮ್ನೆ ಎಳೆದ್ರೆ ವಾರಂಟಿ ಹೋಗುತ್ತೆ.”

ಕೆಂಪು ಹಿಡಿಕೆ ಬಂದದ್ದೇ ತಡ, ಅಂಗಡಿಯ ಮುಂದೆ ಜೀಪುಗಳು ಸಾಲುಗಟ್ಟಿದವು. ಯಾರೂ ಎಳೆಯಲಿಲ್ಲ, ಎಲ್ಲರಿಗೂ ವಾರಂಟಿಯ ಭಯ.

ಎಳೆದವನು ಕಿರಣ್‌ಕುಮಾರ್ ಒಬ್ಬನೇ. ಗುಬ್ಬಿಯಲ್ಲಿ ನಾದಿನಿಯ ನಿಶ್ಚಿತಾರ್ಥದ ದಿನ, ಬೀಗರ ಎದುರು ತೋರಿಸಲು ಹೋಗಿ ಎಳೆದ. ಮಾರನೆಯ ಬೆಳಿಗ್ಗೆ ಕೆಂಪು ಹಿಡಿಕೆಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ನುಗ್ಗಿದ.

“ಲಿವರ್ ಬಂತು ಕಣೋ, ಬಂಪರ್ ಬರ್ಲಿಲ್ಲ! ಕಾಲ್ ಕೊಟ್ಟು ಒದ್ದೆ. ಬೀಗರ ಕಡೆಯೋರೂ ಜಗ್ಗಿದ್ರು. ಅಡುಗೆಯೋರ್ನೂ ಕರೆಸ್ದೆ. ಒಂಚೂರೂ ಅಲ್ಲಾಡ್ಲಿಲ್ಲ. ನನ್ ಮಾನ ಹೋಯ್ತು!”

ಜಯಪ್ರಕಾಶ್ ಗಾಡಿಯ ಕೆಳಗೆ ತೂರಿ ಒಂದೊಂದೇ ಬೋಲ್ಟನ್ನು ಬೆರಳಿನಿಂದ ತಡವಿ ನೋಡಿದ. ಒಂದೂ ಸಡಿಲಿರಲಿಲ್ಲ. ಮೇಲೆ ಕಿರಣ್‌ಕುಮಾರ್ ಬೈಯುತ್ತಲೇ ಇದ್ದ. ಬೈಗುಳ ಹೆಚ್ಚಾದಷ್ಟೂ ಕೆಳಗೆ ಮಲಗಿದ್ದವನ ಎದೆ ಉಬ್ಬುತ್ತಿತ್ತು. ಅಪ್ಪನನ್ನು ಕೂಗಿ ಕರೆದು ತೋರಿಸೋಣವೇ ಅನ್ನಿಸಿತು. ಆದರೆ ತೋರಿಸಿದರೆ ವ್ಯಾಪಾರ ಮುಳುಗುತ್ತಿತ್ತು. ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬಂದ.

“ತಪ್ಪಾಯ್ತು ಸಾರ್. ಇನ್ಮೇಲೆ ಹಿಂಗಾಗಲ್ಲ,” ಎಂದು ಅವನ ಕೈಯಿಂದ ಹಿಡಿಕೆ ಇಸಿದುಕೊಂಡು, ಅದನ್ನು ಇನ್ನಷ್ಟು ಗಟ್ಟಿಯಾಗಿ ಬೆಸೆಯಲು ಕೂತ.