ಅಕ್ಕ ಕೇಳಿದ ಸ್ಟ್ರಾಬೆರಿ ಮರಿ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಐವತ್ತಮೂರರಲ್ಲಿ, ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದಾಗ. ಯಾರೂ ಬಿಡಿಸಲಿಲ್ಲ, ಮೈಬಗ್ಗಿಸಿ ದುಡಿಯಬಲ್ಲೆ ಎಂದು ನಾನೇ ಬಿಟ್ಟೆ. ಮೊನ್ನೆ ಸೊಸೆ ಪೇಟೆಯಿಂದ ತಂದ ಸ್ಟ್ರಾಬೆರಿ ಡಬ್ಬಿ ತೆರೆದಳು. ಬೆಲ್ಲಕ್ಕೆ ತುಸು ಹುಳಿ ಬೆರೆತಂಥ ಆ ವಾಸನೆಗೆ ಮಾದಾಪುರದ ನಮ್ಮ ಹುಲ್ಲಿನ ಮನೆ, ಅದರ ಹಿತ್ತಿಲು, ಎಲ್ಲ ಎದ್ದು ಬಂದವು. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಹಿತ್ತಿಲು ಇದ್ದಿದ್ದರೆ, ವಾಸನೆಯೊಂದು ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಕ್ಕ ಗೌರಿ ಎಸ್ಟೇಟ್ ಬಂಗಲೆಯ ಹೂದೋಟದ ಕೆಲಸಕ್ಕಿದ್ದಳು. ತಮ್ಮ ದೇಶಕ್ಕೆ ಹೊರಟ ದೊರೆಸಾನಿ ಅವಳಿಗೆ ಮೂರು ಸ್ಟ್ರಾಬೆರಿ ಗಿಡ ಕೊಟ್ಟರು. ಅಕ್ಕ ಅವನ್ನು ಸೀಮೆಎಣ್ಣೆ ಡಬ್ಬಗಳಲ್ಲಿ ನೆಟ್ಟು, ಕೊಳೆತ ಕಾಫಿಸಿಪ್ಪೆ ಹಾಕಿ, ಕಾಯಿ ಮಣ್ಣಿಗೆ ತಾಗದಂತೆ ಭತ್ತದ ಹುಲ್ಲು ಹಾಸಿದಳು. ಮಾಘದಲ್ಲಿ ಮೊದಲ ಹಣ್ಣು ಬಂತು. ಅದನ್ನು ಅಪ್ಪ, ಅವ್ವ, ನನಗೆ ಹಂಚಿ, ತಾನು ಬೆರಳು ನೆಕ್ಕಿಕೊಂಡಳು. ವೈಶಾಖದಲ್ಲಿ ಅವಳ ಮದುವೆ. ಗಂಡನ ಮನೆ ಶಿರಂಗಾಲ. ಅಷ್ಟರಲ್ಲಿ ಗಿಡಗಳು ಉದ್ದುದ್ದ ಬಳ್ಳಿ ಚಾಚಿದ್ದವು. ನಾನಾಗ ತೋಟದಲ್ಲಿ ಕಂಬಚಿಗುರು ತೆಗೆಯಲು, ಅಂದರೆ ಕಾಫಿಗಿಡದ ಸತ್ವ ಹೀರುವ ನೆಟ್ಟನೆಯ ಚಿಗುರು ಮುರಿಯಲು, ಕಲಿತಿದ್ದೆ. ಅದೇ ಕೈಯಲ್ಲಿ ಈ ಬಳ್ಳಿಗಳನ್ನೂ ಚಿವುಟಿ ಎಸೆದೆ.

“ಅಯ್ಯೋ ಮಂಕೇ, ಅದು ಕಂಬಚಿಗುರಲ್ಲ ಕಣೋ, ಮರಿ! ಬಳ್ಳಿ ತುದಿ ಬೇರು ಬಿಟ್ರೇನೇ ಹೊಸ ಗಿಡ” ಎಂದಳು ಅಕ್ಕ.

“ಮೇಸ್ತ್ರಿನೇ ಬೇರೆ ಆಳುಗಳ್ಗೆ ಇವನ್ ಕೈ ನೋಡಿ ಕಲೀರಿ ಅಂತಾನೆ. ಹೂವಿಗೆ ನೀರು ಹುಯ್ಯೋಳು ನಂಗೆ ಹೇಳಕ್ ಬಂದ್ಲು!”

ಅಕ್ಕ ನಕ್ಕಳು. “ಆಯ್ತು ಕಣಪ್ಪ ದೊಡ್ಡ ಮೇಸ್ತ್ರಿ. ಇನ್ಮೇಲೆ ಬರೋವನ್ನಾದ್ರೂ ಬಿಡು. ಮುಂದಿನ್ಸಲ ಬಂದಾಗ ಒಂದು ಮರಿ ಒಯ್ತೀನಿ.”

ಅವಳು ಹೋದ ಮೇಲೆ ಬಂದ ಬಳ್ಳಿಗಳನ್ನೂ ತೆಗೆದೆ. ತಿಳಿಯದೆ ಅಲ್ಲ, ಅವಳ ಮಾತು ಸರಿಯೆಂದು ಒಪ್ಪಲಾರದೆ. ಆಷಾಢದ ಮಳೆಗೆ ಮೂರು ತಾಯಿಗಿಡಗಳೂ ಬುಡ ಕೊಳೆತು ಸತ್ತವು. ಮರಿ ಒಂದೂ ಇರಲಿಲ್ಲ.

ಮತ್ತೆ ಮಾಘ ಬರುವಾಗ ಅಕ್ಕ ಹೆರಿಗೆಗೆ ಬಂದಳು. ಕಾಲು ಊದಿ, ಮುಖ ಬಿಳಚಿಕೊಂಡಿತ್ತು. ಅನ್ನ ಸೇರುತ್ತಿರಲಿಲ್ಲ. ಅವಳು ಆಸೆಪಟ್ಟು ಕೇಳಿದ್ದು ಅದೊಂದೇ ಹಣ್ಣು. “ಗಿಡ ಮಳೆಗೆ ಹೋದ್ವು” ಎಂದೆ. ಅವಳು ನಂಬಿದಳು. “ಬಯಕೆ ತೀರಿಸ್ದಿದ್ರೆ ಮಗೀನ ಕಿವಿ ಸೋರುತ್ತೆ. ಒರಸೋಕೆ ಸೋದರಮಾವ ನೀನೇ ಕೂತ್ಕೋ” ಎಂದು ಅವ್ವ ಛೇಡಿಸಿದಳು. ಬಂಗಲೆಗೆ ಓಡಿದೆ. ದೊರೆಸಾನಿಯ ಪಾತಿಗಳನ್ನು ಹೊಸ ಯಜಮಾನರು ಅಗೆಸಿ ಕಾಫಿ ಸಸಿಮಡಿ ಮಾಡಿಸಿದ್ದರು. ಬರಿಗೈಯಲ್ಲಿ ಬಂದವನು ಅಕ್ಕನಿಗೆ ನಿಜ ಹೇಳಬೇಕೆಂದು ಕೋಣೆಯ ಬಾಗಿಲತನಕ ಹೋದೆ. ಅಷ್ಟೇ. ಮುಂದಿನ ವಾರ ಹೆರಿಗೆಯಲ್ಲಿ ಅವಳು ಹೋದಳು. ಸೋರಲು ಆ ಮಗುವಿನ ಕಿವಿಯೂ ಉಳಿಯಲಿಲ್ಲ.

ಆಮೇಲೆ ಕತ್ತೆಯಂತೆ ದುಡಿದೆ. ನನಗೀಗ ಆರು ಎಕರೆ ಕಾಫಿ, ಹೆಂಚಿನ ಮನೆ ಒಂದು, ಹಸು ಎರಡು, ಗಂಡುಮಕ್ಕಳು ಮೂವರು, ಮೊಮ್ಮಕ್ಕಳು ಐವರು. ನನ್ನನ್ನು ಏಕವಚನದಲ್ಲಿ ಮಾತಾಡಿಸುವವರು ಒಬ್ಬರೂ ಇಲ್ಲ.