ತೊಡೆಯ ರಕ್ತವನ್ನೂ ಕೇಳಿದ ದೊಡ್ಡಕ್ಕ

ಸತ್ತವರ ದೇಹದಲ್ಲಿ ಉಳಿದ ಔಷಧಿಯ ಅಂಶವನ್ನು ಅಳೆದು, ಅದು ಮದ್ದಾಗಿತ್ತೋ ವಿಷವಾಗಿತ್ತೋ ಎಂದು ನ್ಯಾಯಾಲಯಕ್ಕೆ ತಿಳಿಸುವುದು ವಿಷಶಾಸ್ತ್ರಜ್ಞರ ಕೆಲಸ. ಖಿನ್ನತೆಯ ಮಾತ್ರೆಗಳಿಂದಾದವೆಂದು ಶಂಕೆ ಬಂದ ಸಾವುಗಳ ಪರೀಕ್ಷೆಯಲ್ಲಿ ನಮ್ಮ ಪ್ರಯೋಗಾಲಯದ ಮಾತಿಗೆ ತೂಕ ಬಂದದ್ದು ಯಾರಿಂದ ಎಂದು ಕೇಳಿದರೆ, ಬಾಗಿಲು ಕಾಯುವವರೂ ಈಗ ನಿವೃತ್ತರಾಗುತ್ತಿರುವ ದೊಡ್ಡಕ್ಕನವರ ಕೋಣೆಯತ್ತ ಕೈ ತೋರಿಸುತ್ತಾರೆ.

ಸೇವೆಗೆ ಸೇರಿದ ಹೊಸದರಲ್ಲಿ ಅವರಿಗೆ ದಕ್ಕಿದ್ದು ಗುಂಯ್‌ಗುಡುವ ಶೀತಪೆಟ್ಟಿಗೆಯ ಪಕ್ಕದ ಕಿಟಕಿಯಿಲ್ಲದ ಮೂಲೆ. ರಕ್ತದ ಸೀಸೆ ತೆರೆಯುವ ಮುನ್ನ ಕ್ಷಣಕಾಲ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಅವರನ್ನು ಜೊತೆಯವರು, "ದೊಡ್ಡಕ್ಕ, ದೇವರಿಗೂ ವರದಿಯ ಒಂದು ಪ್ರತಿ ಕಳಿಸ್ತೀರಾ?" ಎಂದು ರೇಗಿಸುತ್ತಿದ್ದರು.

"ಅವನಿಗೆ ಎಲ್ಲಾ ಗೊತ್ತು ಕಣಪ್ಪ. ನಂಗೂ ಸ್ವಲ್ಪ ಹೇಳು ಅಂತ ಕೇಳ್ಕೋತೀನಿ."

ಆ ದಿನಗಳಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರ ರಕ್ತ ಪರೀಕ್ಷೆಗೆ ಬಂತು. ಹೆಂಡತಿ ತೀರಿಕೊಂಡ ಮೇಲೆ ಮಂಕಾಗಿದ್ದ ಅವರಿಗೆ ಮಗಳೇ ದಿನವೂ ಖಿನ್ನತೆಯ ಮಾತ್ರೆ ನುಂಗಿಸುತ್ತಿದ್ದಳು. ಹೃದಯದಿಂದ ತೆಗೆದ ರಕ್ತದಲ್ಲಿ ಅದರ ಅಂಶ ಜೀವ ತೆಗೆಯುವಷ್ಟಿತ್ತು. ವಿಭಾಗದ ಹಿರಿಯರು ವಿಷಪ್ರಾಶನವೆಂದು ಕರಡು ಬರೆದರು. ಪೊಲೀಸರು ಮಗಳನ್ನು ಠಾಣೆಗೆ ಕರೆಸಿದರು. ಒಡಹುಟ್ಟಿದ ಅಣ್ಣನೇ ಅವಳೊಡನೆ ಮಾತು ಬಿಟ್ಟ.

ದೊಡ್ಡಕ್ಕನವರಿಗೆ ಆ ಅಂಕಿ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಉಸಿರು ನಿಂತ ಮೇಲೆ ಯಕೃತ್ತು, ಶ್ವಾಸಕೋಶಗಳಲ್ಲಿ ತಂಗಿದ್ದ ಮದ್ದು, ಹೊಸ ಮಡಕೆಯಿಂದ ನೀರು ಜಿನುಗುವಂತೆ, ಹತ್ತಿರದ ಹೃದಯದ ರಕ್ತಕ್ಕೆ ಜಿನುಗುತ್ತದೆ; ದೂರದ ತೊಡೆಯ ರಕ್ತ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ತೊಡೆಯ ರಕ್ತದ ಸೀಸೆಯೂ ಬಂದಿತ್ತು. ಒಂದೇ ಸಾಕೆಂಬ ರೂಢಿಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅದನ್ನೂ ಪರೀಕ್ಷಿಸಲು ದೊಡ್ಡಕ್ಕ ಹಿರಿಯರ ಅಪ್ಪಣೆ ಬೇಡಿದರು.

"ನನ್ನ ಲೆಕ್ಕದ ಮೇಲೆ ಅನುಮಾನವೇನಮ್ಮ?"

"ಲೆಕ್ಕ ಸರಿಯಾಗೇ ಇದೆ ಸರ್. ರಕ್ತ ತೆಗೆದ ಜಾಗದ ಮೇಲೆ ಅನುಮಾನ."

ಹಿರಿಯರು ಶೀತಪೆಟ್ಟಿಗೆಯ ಬೀಗದ ಕೈ ಮುಂದಿಟ್ಟರು. ತೊಡೆಯ ರಕ್ತದಲ್ಲಿದ್ದುದು ದಿನನಿತ್ಯದ ಮಾತ್ರೆ ಉಳಿಸುವಷ್ಟೇ ಅಂಶ. ಹೊಟ್ಟೆಯಲ್ಲೂ ಹೆಚ್ಚಿನ ಮಾತ್ರೆಗಳ ಸುಳಿವಿರಲಿಲ್ಲ. ಹೃದಯದ ನಾಳ ಕಟ್ಟಿಕೊಂಡೇ ಸಾವಾಯಿತೆಂದು ಶವಪರೀಕ್ಷೆಯ ವೈದ್ಯರು ತೀರ್ಮಾನಿಸಿದರು. ತಮ್ಮ ಕರಡನ್ನು ತಾವೇ ಹರಿದು ಹೊಸ ವರದಿಗೆ ಸಹಿ ಹಾಕಿದ ಆ ಗುರುವಿನ ದೊಡ್ಡತನವನ್ನು ದೊಡ್ಡಕ್ಕ ಇಂದಿಗೂ ಕೈಮುಗಿದು ನೆನೆಯುತ್ತಾರೆ.

ಪ್ರಕರಣ ಮುಗಿದ ಬಳಿಕ ಮಗಳು ಪ್ರಯೋಗಾಲಯದ ಮೆಟ್ಟಿಲವರೆಗೆ ಬಂದು ನಿಂತಳು. ವರದಿಯ ಕಾನೂನಿನ ಕನ್ನಡ ಅವಳ ತಲೆಗೆ ಹತ್ತಿರಲಿಲ್ಲ.

"ನನ್ನ ಕೈಯಿಂದ ಆಗಿದ್ದಲ್ಲ ತಾನೇ, ಅಕ್ಕ?"

"ಅಲ್ಲ ತಾಯಿ. ನಿನ್ನ ಕೈ ಕೊಟ್ಟಿದ್ದು ಮದ್ದನ್ನೇ."

ಅಂದಿನಿಂದ ನಮ್ಮಲ್ಲಿ ತೊಡೆಯ ರಕ್ತ ನೋಡದೆ ಯಾವ ವರದಿಯೂ ಹೊರಬೀಳುವುದಿಲ್ಲ. ಎರಡೂ ಸೀಸೆಗಳು ವಿಷವೆಂದೇ ನುಡಿದ ಸಾವುಗಳೂ ಬಂದವು. ಅಂಥವನ್ನು ಅವರು ಒಂದು ಪದ ಮೆತ್ತಗೆ ಮಾಡದೆ ಬರೆದರು. ಬರೆದ ದಿನ ಮಾತ್ರ ಊಟಕ್ಕೆ ನಮ್ಮ ಜೊತೆ ಕೂರುತ್ತಿರಲಿಲ್ಲ.

ಇನ್ನು ಅವರು ಶವಾಗಾರಗಳಿಗೆ ಹೋಗಿ ಎಳೆಯ ವೈದ್ಯರಿಗೆ ರಕ್ತ ತೆಗೆಯುವ ಕ್ರಮ ಕಲಿಸಲಿದ್ದಾರೆ. ಭಗವಂತ ಅವರಿಗೆ ತುಂಬು ಆಯುಷ್ಯವನ್ನೂ ನಡುಗದ ಕೈಯನ್ನೂ ಕೊಡಲಿ. ಅಕ್ಕರೆಯಿಂದ ಮಾತ್ರೆ ಕೊಟ್ಟ ಯಾವ ಮಗಳೂ ತಪ್ಪಾಗಿ ಓದಿದ ಅಂಕಿಯೊಂದಕ್ಕೆ ತಲೆತಗ್ಗಿಸಬೇಕಾಗದ ಕಾಲ ಬರುವವರೆಗೂ ಅವರ ಪಾಠ ನಡೆಯಲಿ.